ದನಿಯನ್ನು ತೆಗೆದ ಮಂಗಳವಾರ

ಸವದತ್ತಿಯ ಬಸ್ ನಿಲ್ದಾಣದಿಂದ ಗುಡ್ಡದ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಅಂಗಡಿ. ದೊಡ್ಡದೇನಲ್ಲ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಝೆರಾಕ್ಸ್ ಯಂತ್ರ, ಮೂಲೆಯಲ್ಲೊಂದು ಗಾಜಿನ ಬೂತು. ಬೂತು ಎಸ್‌ಟಿಡಿ ಕಾಲದ್ದು. ಜನ ಅದರೊಳಗೆ ನಿಂತು ಊರಿಗೆ ಕೇಳುವಂತೆ ಗುಟ್ಟಿನ ಮಾತಾಡುತ್ತಿದ್ದರು. ಮೊಬೈಲು ಬಂದ ಮೇಲೆ ಅದು ಖಾಲಿಯಾಯಿತು. ಅಂಗಡಿಯ ಮಾಲೀಕರು ಫೋನನ್ನು ತೆಗೆದು ಒಳಗೊಂದು ಮೇಜು ಹಾಕಿಸಿಕೊಂಡು ತಾವೇ ಅಲ್ಲಿ ಕುಳಿತರು. ಹೊರಗಿನ ಗದ್ದಲ ಅವರ ಕೆಲಸಕ್ಕೆ ಅಡ್ಡಿಯಾಗುತ್ತಿತ್ತು, ಏಕೆಂದರೆ ಅವರು ಕಂಪ್ಯೂಟರನ್ನು ಕಿವಿಯಿಂದ ನಡೆಸುತ್ತಿದ್ದರು. ಹುಟ್ಟಿನಿಂದ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

ಅವರನ್ನು ನಾನು ಅಣ್ಣಾ ಎನ್ನುತ್ತಿದ್ದೆ. ರಕ್ತಸಂಬಂಧ ಏನೂ ಇಲ್ಲ. ಬೈಲಹೊಂಗಲದಲ್ಲಿ ಟೈಪಿಂಗ್ ಕಲಿತು, ಮದುವೆಯಾಗಿ ಸವದತ್ತಿಗೆ ಬಂದು, ಕೆಲಸ ಕೇಳಿಕೊಂಡು ಹೋದವಳು ನಾನು. ಬಂದ ಗಿರಾಕಿಗಳ ಅರ್ಜಿ ತುಂಬುವುದು, ಫೋಟೋ ಹಚ್ಚುವುದು ನನ್ನ ಪಾಲು. ಯಂತ್ರ ಕೆಟ್ಟರೆ ಸರಿಮಾಡುವುದು, ಹೊಸ ತಂತ್ರಾಂಶ ಹಾಕುವುದು, ಬೇಡವಾದದ್ದನ್ನು ತೆಗೆಯುವುದು ಅವರ ಪಾಲು. ಕಣ್ಣಿದ್ದವಳಿಗೆ ಕಣ್ಣಿಲ್ಲದವರು ಕಂಪ್ಯೂಟರ್ ಕಲಿಸಿದರು ಎಂದರೆ ನಮ್ಮ ಮನೆಯಲ್ಲಿ ಈಗಲೂ ನಂಬುವುದಿಲ್ಲ.

ಎರಡೂ ಕಂಪ್ಯೂಟರುಗಳಲ್ಲಿ ಅವರು ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದರು. ಪರದೆ ಓದಿ ಹೇಳುವ ತಂತ್ರಾಂಶ ಅದರಲ್ಲಿ ಬಿಟ್ಟಿ ಸಿಗುತ್ತದೆ ಎನ್ನುವುದು ಮೊದಲ ಕಾರಣ. ಎರಡನೆಯದು, ಕಪ್ಪು ಪರದೆಯ ಮೇಲೆ ಸಾಲಾಗಿ ಆದೇಶ ಬರೆಯುವ ಪದ್ಧತಿ. ಮೌಸ್ ಎಂಬ ಇಲಿಯನ್ನು ಹಿಡಿದು ಅತ್ತ ಇತ್ತ ಎಳೆದಾಡುವುದು ಅವರಿಗೆ ಆಗದ ಕೆಲಸ. ಒಂದು ಸಾಲು ಬರೆ, ಒಂದು ಸಾಲು ಕೇಳು, ಇದು ಅವರಿಗೆ ಹೊಂದುತ್ತಿತ್ತು. ಪಾಸ್‌ವರ್ಡ್ ಬರೆಯುವಾಗ ಆ ಕಪ್ಪು ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡುವುದಿಲ್ಲ. ಮೊದಲ ಸಲ ನಾನು ಗಾಬರಿಯಾದಾಗ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. “ಇಲ್ಲೆ ನೀನೂ ಒಂದ, ನಾನೂ ಒಂದ. ಸುಮ್ನ ಬರೀ.”

ಓದುವ ದನಿಯ ವೇಗವನ್ನು ಅವರು ಮೇಲಿನ ತುದಿಗೆ ಏರಿಸಿಟ್ಟಿದ್ದರು. ಒಮ್ಮೆ ಅವರ ಇಯರ್‌ಫೋನನ್ನು ನನ್ನ ಕಿವಿಗೆ ಹಚ್ಚಿಕೊಂಡು ನೋಡಿದ್ದೆ. ಮೊರದಿಂದ ಜೋಳ ಸುರಿದ ಹಾಗೆ ಸರ್ರನೆ ಒಂದು ಸಪ್ಪಳ, ಅಷ್ಟೇ. ಒಂದು ಅಕ್ಷರವೂ ತಿಳಿಯಲಿಲ್ಲ. ಅವರಿಗೆ ಮಾತ್ರ ಅದರಲ್ಲಿ ಎಲ್ಲವೂ ಕೇಳುತ್ತಿತ್ತು. ಆ ದನಿ ನಮ್ಮ ಕಡೆಯ ಊರುಗಳ ಹೆಸರನ್ನು ಹಾಳು ಮಾಡುತ್ತದೆ ಎಂದು ಅವರಿಗೆ ಸಿಟ್ಟು. ಮನೋಳಿಯನ್ನು, ಕಿತ್ತೂರನ್ನು, ಬೈಲಹೊಂಗಲವನ್ನು ಯಾವನೋ ಪರದೇಶಿ ಓದಿದ ಹಾಗೆ ಓದುತ್ತಿತ್ತಂತೆ. ಅದಕ್ಕೆ ಒಂದು ಪಟ್ಟಿ ಮಾಡಿ, ಈ ಪದ ಬಂದರೆ ಹೀಗೆ ಅನ್ನು ಎಂದು ಒಂದೊಂದನ್ನೇ ಕಲಿಸುತ್ತ ಹೋದರು. ವರ್ಷಗಟ್ಟಲೆ ಕಲಿಸಿದರು. “ಸಾಲಿ ಹುಡುಗೂರಿಗಿಂತ ಛಲೋ ಕಲೀತೈತಿ ನೋಡು. ಎದುರುತ್ತರ ಕೊಡೂದಿಲ್ಲ” ಎಂದು ನನ್ನ ಕಡೆ ಮುಖ ಮಾಡಿ ಹೇಳುತ್ತಿದ್ದರು. ನಾನು ಎದುರುತ್ತರ ಕೊಡುವವಳು.

ದಿನಾ ಮಧ್ಯಾಹ್ನ ಬೂತಿನೊಳಗಿಂದಲೇ ಮನೆಗೆ ಫೋನ್ ಮಾಡುತ್ತಿದ್ದರು. ಮಾತಿನ ಶುರು ಯಾವಾಗಲೂ ಒಂದೇ, ಇಲ್ಲಿ ಕೇಳು ಎಂಬ ಕರೆ. “ಏ, ಕೇಳಿಲ್ಲೆ.” ಆಮೇಲೆ ಪಲ್ಯ ಏನು, ಮಾತ್ರೆ ತಗೊಂಡಿಯಾ, ಇಷ್ಟೇ. ಅವರ ಮನೆಗೆ ಹೋದಾಗಲೂ ನೋಡಿದ್ದೇನೆ. ಹೊಸ್ತಿಲಲ್ಲಿ ನಿಂತು “ಏ, ಕೇಳಿಲ್ಲೆ” ಎನ್ನುವುದು, ಅಡುಗೆಮನೆಯಿಂದ ಅವರ ಹೆಂಡತಿ, ನನಗೆ ವೈನಿ, “ಬಂದ್ನಿರೀ” ಎಂದು ಕೈ ಒರೆಸಿಕೊಳ್ಳುತ್ತ ಬರುವುದು. ಒಮ್ಮೆ ಕೇಳಿಯೇಬಿಟ್ಟೆ, “ಅಣ್ಣಾ, ವೈನಿಗೆ ಹೆಸರಿಲ್ಲೇನ್ರಿ?”

“ಐತಿ. ಮದುವ್ಯಾಗ ಎಲ್ಲಾರ ಮುಂದ ಒಮ್ಮೆ ಹೇಳೇನಿ. ಸಾಕಲ್ಲ?”

ವೈನಿಯಂತೂ ಅವರ ಹೆಸರನ್ನು ಬಾಯಿಗೇ ತರುತ್ತಿರಲಿಲ್ಲ. ನಮ್ಮ ಕಡೆ ಆ ವಯಸ್ಸಿನವರು ಹಾಗೇ.

ತಂತ್ರಾಂಶ ತೆಗೆಯುವುದನ್ನು ನಾನು ಕಲಿತದ್ದು ನನ್ನದೇ ಗಡಬಡೆಯಿಂದ. ಬೇಡದ ಒಂದು ಆಟದ ತಂತ್ರಾಂಶವನ್ನು ತೆಗೆಯಲು ‘ಸುಡೋ ಆಪ್ಟ್ ರಿಮೂವ್’ ಎಂದು ಬರೆದು ಅದರ ಹೆಸರು ಹಾಕಿದ್ದೆ. ಹಾಗೆ ಬರೆದಾಗ ಯಂತ್ರ ಒಂದು ಪಟ್ಟಿ ತೋರಿಸುತ್ತದೆ, ಇದರ ಜೊತೆಗೆ ಇವೂ ಹೋಗುತ್ತವೆ, ಮುಂದುವರಿಯಲೇ ಎಂದು ಕೇಳುತ್ತದೆ. ಹೂಂ ಅನ್ನಲು ‘ವೈ’ ಒತ್ತಬೇಕು. ನಾನು ಪಟ್ಟಿಯ ಕಡೆ ನೋಡಲೂ ಇಲ್ಲ, ಒತ್ತಿದೆ. ಒಂದಕ್ಕೊಂದು ತಗುಲಿಕೊಂಡು ಚಿತ್ರ, ಕಿಟಕಿ, ಗುಂಡಿ ಎಲ್ಲ ಹೋಗಿ, ಮತ್ತೆ ಚಾಲೂ ಮಾಡಿದಾಗ ಬರೀ ಕಪ್ಪು ಪರದೆ, ಬಿಳಿ ಅಕ್ಷರ. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಅಣ್ಣ ಬಂದು ಕೀಲಿಮಣೆ ತಮ್ಮ ಕಡೆ ಎಳೆದುಕೊಂಡರು. “ಈಗ ನೀ ನನ್ನ ಮನಿಗೆ ಬಂದಿ” ಎಂದರು. ಅರ್ಧ ತಾಸಿನಲ್ಲಿ ಎಲ್ಲವನ್ನೂ ಮರಳಿ ಹಾಕಿದರು. ಅವತ್ತಿನಿಂದ ಒಂದು ಕಟ್ಟುನಿಟ್ಟು. ಏನನ್ನೇ ತೆಗೆಯಲಿ, ಆ ಪಟ್ಟಿಯನ್ನು ಮದುವೆಯ ಯಾದಿ ಓದಿದ ಹಾಗೆ ಗಟ್ಟಿಯಾಗಿ ಪೂರ್ತಿ ಓದಬೇಕು. ಅವರು ಕೇಳಿ “ಹೂಂ” ಎಂದ ಮೇಲೇ ‘ವೈ’. ಅವಸರ ಮಾಡಿದರೆ ಬೂತಿನೊಳಗಿಂದ ಗಾಜು ಬಡಿದು, “ಗಡಬಡ ಮಾಡಬ್ಯಾಡ, ತಂಗೀ” ಎನ್ನುತ್ತಿದ್ದರು.

ತೆಗೆಯುವುದರಲ್ಲೂ ಎರಡು ಬಗೆ ಎಂದು ಒಂದು ದಿನ ತಿಳಿಸಿ ಹೇಳಿದರು. “ರಿಮೂವ್ ಅಂದ್ರ ಬಾಡಗಿಯವರು ಮನಿ ಬಿಟ್ಟು ಹೋದಂಗ. ಅವರು ಹೊಡೆದ ಮೊಳಿ ಗ್ವಾಡಿಗೆ ಹಂಗ ಉಳೀತಾವ. ಪರ್ಜ್ ಅಂದ್ರ ಮೊಳಿನೂ ಕಿತ್ತು, ಸುಣ್ಣಾನೂ ಬಳದಂಗ. ಆದ್ರ ಇನ್ನೊಂದು ಮಾತೈತಿ ಅದರಾಗ, ಏನಪಾ ಅಂದ್ರ...” ಅಷ್ಟರಲ್ಲಿ ಯಾರೋ ಆಧಾರ್ ಕಾರ್ಡಿನ ಝೆರಾಕ್ಸಿಗೆ ಬಂದರು. ನಾನು ಎದ್ದು ಹೋದೆ. ಆ ಇನ್ನೊಂದು ಮಾತು ಏನೆಂದು ಆಮೇಲೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡಬೇಕು. ಒಮ್ಮೆ ನಾನು ರಜೆಯಲ್ಲಿದ್ದಾಗ ಆ ಓದುವ ದನಿ ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ಯಂತ್ರ ಚಾಲೂ ಇದೆಯೋ ಇಲ್ಲವೋ ತಿಳಿಯದೆ ಅಣ್ಣ ಬೆಳಗಿನಿಂದ ಸಂಜೆಯವರೆಗೆ ಬೂತಿನೊಳಗೆ ಸುಮ್ಮನೆ ಕುಳಿತಿದ್ದರಂತೆ. ಮರುದಿನ ನಾನು ಬಂದಾಗ ಅವರ ಮುಖ ನೋಡಲಾಗಲಿಲ್ಲ. ನಾನು ಪರದೆ ನೋಡಿ ದನಿಯನ್ನು ಮರಳಿ ಎಬ್ಬಿಸಿದ ಮೇಲೆ ಅವರು ಮೂರು ಸಾಲಿನ ಒಂದು ಚಿಕ್ಕ ಏರ್ಪಾಡನ್ನು ತಾವೇ ಬರೆದು ಯಂತ್ರದೊಳಗೆ ಇಟ್ಟರು. ಹತ್ತು ಸೆಕೆಂಡಿಗೊಮ್ಮೆ ಅದು ದನಿ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಎಬ್ಬಿಸುತ್ತದೆ.

ಅಣ್ಣ ಹೋದದ್ದು ಒಂದು ಬೆಳಿಗ್ಗೆ. ಎದೆ ಹಿಡಿಯಿತು ಎಂದರು, ಆಸ್ಪತ್ರೆಯ ದಾರಿಯಲ್ಲೇ ಮುಗಿಯಿತು. ಮಣ್ಣು ಕೊಡುವ ಹೊತ್ತಿಗೆ ವೈನಿ ಅವರ ಇಯರ್‌ಫೋನನ್ನು ಸುತ್ತಿ ಅಂಗಿಯ ಜೇಬಿನಲ್ಲಿಟ್ಟರು. “ದಾರ್ಯಾಗ ಬೇಕಾಗ್ತಾವ” ಎಂದರು. ಯಾರೂ ಬೇಡ ಎನ್ನಲಿಲ್ಲ. ಅದರ ಪರಿಣಾಮ ಏನಾದೀತು ಎಂದು ಆಗ ಯಾರಿಗೆ ಹೊಳೆಯಬೇಕು.

ವಾರ ಬಿಟ್ಟು ಅಂಗಡಿ ತೆರೆದೆ. ವೈನಿ ತವರಿಗೆ, ರಾಮದುರ್ಗದ ಕಡೆಗೆ, ಹೋಗಿದ್ದರು. ಹೋಗುವ ಮುಂಚೆ ಅಂಗಡಿಯನ್ನು ನೀನೇ ನಡೆಸು ಎಂದಿದ್ದರು. ನನ್ನ ಕಂಪ್ಯೂಟರು ಮೊದಲೇ ಮುದಿಯಾಗಿತ್ತು, ಅದೇ ತಿಂಗಳು ಪೂರ್ತಿ ಕೈಕೊಟ್ಟಿತು. ಬೇರೆ ದಾರಿಯಿಲ್ಲದೆ ಬೂತಿನೊಳಗೆ ಹೋಗಿ ಅಣ್ಣನ ಕುರ್ಚಿಯಲ್ಲಿ ಕುಳಿತು ಅವರ ಯಂತ್ರವನ್ನು ಚಾಲೂ ಮಾಡಿದೆ.

ಅದು ಮಾತಾಡಿತು.

ಇಷ್ಟು ವರ್ಷ ಆ ದನಿ ಅವರ ಕಿವಿಯೊಳಗೇ ಹೋಗುತ್ತಿತ್ತು. ಈಗ ಇಯರ್‌ಫೋನ್ ಇರಲಿಲ್ಲ, ಸ್ಪೀಕರಿನಿಂದ ಬಂತು. ಗಾಜಿನ ಬೂತು ಅದನ್ನು ಇಮ್ಮಡಿ ಮಾಡಿತು. ನಾನು ಒಂದು ಅಕ್ಷರ ಒತ್ತಿದರೆ ಒಂದು ಸಿಡಿತ, ಒಂದು ಸಾಲು ತೆರೆದರೆ ಜೋಳ ಸುರಿದ ಆ ಸಪ್ಪಳ. ಒಂದೂ ತಿಳಿಯದು, ಆದರೆ ಅದು ಯಾರಿಗೋ ಹೇಳುತ್ತಿದೆ ಎಂಬುದು ಮಾತ್ರ ತಿಳಿಯುತ್ತಿತ್ತು. ಖಂಡಿತ ನನಗಲ್ಲ. ನನಗೆ ಹೆದರಿಕೆಯಾಯಿತು. ಹಾಡುಹಗಲು ಹನ್ನೊಂದು ಗಂಟೆ, ಹೊರಗೆ ಬಸ್ಸಿನ ಹಾರ್ನು, ಕಬ್ಬಿನ ಟ್ರ್ಯಾಕ್ಟರು, ನಾನು ಮಾತ್ರ ಆ ಗಾಜಿನೊಳಗೆ ಬೆವರುತ್ತ ಕುಳಿತಿದ್ದೆ.

ಗಿರಾಕಿಗಳಿಗೆ ಸುದ್ದಿ ಹಬ್ಬಲು ಎಷ್ಟು ಹೊತ್ತು. ಒಬ್ಬ ಅಜ್ಜ ಬೂತಿನ ಕಡೆ ಕಣ್ಣು ಕಿರಿದು ಮಾಡಿ ನೋಡಿ, “ಯಾರದಾರವ್ವಾ ಒಳಗ?” ಎಂದ. ಯಂತ್ರ ಎಂದೆ. “ಯಂತ್ರ ಹಿಂಗ್ಯಾಕ ಮಾತಾಡ್ತದ? ಅಂವ ಇನ್ನೂ ಅಲ್ಲೇ ಕುಂತಾನ” ಎಂದು ತನ್ನ ಪಹಣಿಯನ್ನೂ ತೆಗೆದುಕೊಳ್ಳದೆ ಹೋದ. ಎದುರಿನ ಬಳೆ ಅಂಗಡಿಯಾಕೆ ನನ್ನನ್ನು ಕೇಳದೆ ನನ್ನ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಹೋದಳು. ನಾನು ಅವಳಿಗೆ ನಾಲ್ಕು ಮಾತು ಅಂದೆ. ಆದರೆ ನಿಂಬೆಹಣ್ಣನ್ನು ಬಿಚ್ಚಲಿಲ್ಲ.

ದನಿಯನ್ನು ನಿಲ್ಲಿಸಿ ನೋಡಿದೆ. ಹತ್ತು ಸೆಕೆಂಡಿನಲ್ಲಿ ಮತ್ತೆ ಎದ್ದಿತು. ಮತ್ತೆ ನಿಲ್ಲಿಸಿದೆ, ಮತ್ತೆ ಎದ್ದಿತು. ಅದು ಅಣ್ಣನ ಮೂರು ಸಾಲಿನ ಏರ್ಪಾಡು ಎಂದು ಗೊತ್ತಿದ್ದೂ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡೆ. ಅದನ್ನು ಯಾವ ಮೂಲೆಯಲ್ಲಿ ಇಟ್ಟಿದ್ದರೋ ನನಗೆ ಸಿಗಲಿಲ್ಲ. ಸ್ಪೀಕರಿನ ವೈರನ್ನು ಕಿತ್ತಿಟ್ಟೆ. ಅದು ಇನ್ನೂ ಕೆಟ್ಟದಾಯಿತು. ಸಪ್ಪಳವಿಲ್ಲದಿದ್ದರೂ ಒಳಗೆ ಅದು ಓದುತ್ತಲೇ ಇದೆ ಎಂದು ನನಗೆ ಗೊತ್ತು. ನಾನು ಬರೆದ ಒಂದೊಂದು ಅಕ್ಷರವನ್ನೂ, ಯಾರೂ ಇಲ್ಲದ ಕಿವಿಗೆ. ಎರಡು ದಿನ ಹಾಗೆ ಕೆಲಸ ಮಾಡಿ ಮೂರನೆಯ ದಿನ ವೈರನ್ನು ನಾನೇ ಸಿಕ್ಕಿಸಿದೆ.

ಅವತ್ತು ಮಂಗಳವಾರ. ಗುಡ್ಡದ ದೇವಿಯ ದರ್ಶನಕ್ಕೆ ಹೋಗುವವರ ಸಾಲು ಸಾಲು ಗಾಡಿ. ಇವತ್ತು ಇದನ್ನು ತೆಗೆದೇ ಬಿಡುತ್ತೇನೆ ಎಂದು ಕಪ್ಪು ಪರದೆಯನ್ನು ತೆರೆದೆ. ‘ರಿಮೂವ್’ ಎಂದು ಬರೆದವಳು ಅಳಿಸಿ ‘ಪರ್ಜ್’ ಎಂದು ಬರೆದೆ. ಮೊಳೆಯೂ ಉಳಿಯಬಾರದು. ಮುಂದೆ ಪರದೆ ಓದುವ ತಂತ್ರಾಂಶದ ಹೆಸರು, ಅದರ ದನಿಯ ಹೆಸರು. ಪಟ್ಟಿ ಬಂತು. ನಾನು ಅದನ್ನು ಗಟ್ಟಿಯಾಗಿ ಓದಬೇಕಿತ್ತು. ನನ್ನ ಬಾಯಿ ಏಳಲಿಲ್ಲ. ಓದಿದ್ದು ಅದು. ಯಾವುದು ಯಾವುದು ಹೋಗುತ್ತದೆ ಎನ್ನುವ ಪಟ್ಟಿಯನ್ನು, ತನ್ನ ಹೆಸರೂ ಅದರಲ್ಲಿದ್ದ ಪಟ್ಟಿಯನ್ನು, ಮೊದಲಿನಿಂದ ಕೊನೆಯವರೆಗೆ ಸರ್ರನೆ ಓದಿ ನಿಂತಿತು. ಬೂತಿನಲ್ಲಿ “ಹೂಂ” ಅನ್ನುವವರು ಯಾರೂ ಇರಲಿಲ್ಲ. ನಾನು ‘ವೈ’ ಒತ್ತಿದೆ. ಆ ಅಕ್ಷರವನ್ನೂ ಅದು ಹೇಳಿತು.

ಎಲ್ಲ ಮುಗಿಯಿತು ಎಂದು ಪರದೆ ತೋರಿಸಿತು. ನಿಟ್ಟುಸಿರು ಬಿಟ್ಟು ಎಂಟರ್ ಒತ್ತಿದೆ. ಅದು ಮಾತಾಡಿತು. ಇನ್ನೊಮ್ಮೆ ಒತ್ತಿದೆ, ಮತ್ತೆ ಮಾತಾಡಿತು. ತಂತ್ರಾಂಶವೇ ಇಲ್ಲ, ದನಿ ಇದೆ. ನಾನು ಕುರ್ಚಿಯಿಂದ ಎದ್ದವಳು ಬೂತಿನ ಬಾಗಿಲಿಗೆ ಭುಜ ಬಡಿಸಿಕೊಂಡು ಹೊರಗೆ ಬಂದೆ. ಅದಕ್ಕೆ ಕಾರಣವಿದೆ. ಒಮ್ಮೆ ಚಾಲೂ ಆದದ್ದು ಯಂತ್ರದ ನೆನಪಿನಲ್ಲಿ ಕುಳಿತಿರುತ್ತದೆ, ಮತ್ತೆ ಚಾಲೂ ಮಾಡುವವರೆಗೆ ಹೋಗುವುದಿಲ್ಲ. ಆ ಕಾರಣ ಈಗ ಹೇಳಲು ಸುಲಭ. ಅವತ್ತು ಅಂಗಡಿಯ ನಡುವೆ ನಿಂತು, “ಅಣ್ಣಾ, ಸಾಕ ಮಾಡ್ರಿ, ನನಗ ಹೆದರಿಕಿ ಆಗತೈತಿ” ಎಂದು ಗಟ್ಟಿಯಾಗಿ ಹೇಳಿದೆ. ಆಮೇಲೆ ಒಳಗೆ ಕೈಯಷ್ಟೇ ಹಾಕಿ ಗುಂಡಿ ಒತ್ತಿ ಯಂತ್ರವನ್ನು ಬಂದ್ ಮಾಡಿದೆ. ಮತ್ತೆ ಚಾಲೂ ಮಾಡಿದಾಗ ಏನೂ ಕೇಳಲಿಲ್ಲ. ಪೂರ್ತಿ ಶಾಂತ.

ಆ ಶಾಂತಿ ನನಗೆ ಒಂದು ದಿನವೂ ಹಿತವಾಗಲಿಲ್ಲ. ಗಿರಾಕಿಗಳು ಮರಳಿ ಬಂದರು. ನಾನು ಊರಿನ ಹೆಸರು ಬರೆಯುವಾಗಲೆಲ್ಲ, ಅಣ್ಣ ಇದನ್ನೂ ಕಲಿಸಿದ್ದರೇನೋ ಅನ್ನಿಸುತ್ತಿತ್ತು. ವರ್ಷಗಟ್ಟಲೆ ಕಲಿಸಿದ್ದನ್ನು ನಾನು ಒಂದು ಅಕ್ಷರದಿಂದ ತೊಳೆದುಹಾಕಿದೆ, ಅದೂ ಯಾವ ಮಾತು ಎಂದು ಒಮ್ಮೆಯೂ ಕೇಳಿಸಿಕೊಳ್ಳದೆ. ಇನ್ನೊಂದು ಕಿರಿಕಿರಿ, ಯಂತ್ರದ ಮುಂದಿನ ಕೆಂಪು ದೀಪ. ಯಾವ ಕೆಲಸ ಇಲ್ಲದಾಗಲೂ ಸ್ವಲ್ಪ ಹೊತ್ತಿಗೊಮ್ಮೆ ಅದು ಮಿಣುಕ್ ಎನ್ನುತ್ತಿತ್ತು. ಹಳೆಯ ಯಂತ್ರ ಎಂದು ಬಿಟ್ಟೆ.

ಐದು ತಿಂಗಳ ಮೇಲೆ ವೈನಿ ಬಂದರು. ರಾಮದುರ್ಗದ ಬಸ್ಸಿಳಿದು ನೇರ ಅಂಗಡಿಗೆ. ವಂಶಾವಳಿಯ ಅರ್ಜಿ ತುಂಬಿಸಬೇಕಿತ್ತು. ಚಹಾ ತರಿಸಿದೆ. ಅವರು ಲೋಟವನ್ನು ಹಾಗೇ ಹಿಡಿದುಕೊಂಡು ಬೂತಿನ ಕಡೆ ನೋಡುತ್ತ ಕುಳಿತರು. ಆಮೇಲೆ ಹೇಳಿದರು, “ಅರ್ಜಿ ಎಲ್ಲೆರೆ ತುಂಬಸ್ತಿದ್ನಿ, ತಂಗೀ. ನಾ ಬಂದದ್ದು ಬ್ಯಾರೇದಕ್ಕ. ಅವರ ಕಿವ್ಯಾಗ ಮುಂಜಾನಿಂದ ಸಂಜಿತನಕ ಮಾತಾಡ್ತಿದ್ದಳಲ್ಲ, ಆಕಿ ಮಾತು ನಾನೂ ಒಮ್ಮೆ ಕೇಳಬೇಕು. ನನಗಿಂತ ಆಕಿ ಮಾತ ಹೆಚ್ಚ ಕೇಳ್ಯಾರ ಅವರು.”

ಸುಳ್ಳು ಹೇಳಬಹುದಿತ್ತು, ಯಂತ್ರ ಕೆಟ್ಟಿದೆ ಎಂದು. ಬಾಯಿಗೆ ಬಂದದ್ದು ನಿಜವೇ. “ವೈನಿ, ನಾ ಅದನ್ನ ತಗದಬಿಟ್ಟೇನ್ರಿ. ಹೆದರಿಕಿ ಆತು.”

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಹೌದೇನ” ಎಂದು ಲೋಟವನ್ನು ಕೆಳಗಿಟ್ಟರು. ಅಷ್ಟು ದೂರದಿಂದ ಬಂದ ಅವರ ಮುಖ ಒಮ್ಮೆಲೆ ಖಾಲಿಯಾಯಿತು. ನನಗೆ ನನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ, ಎದ್ದು ಬೂತಿಗೆ ಹೋಗಿ ತಂತ್ರಾಂಶವನ್ನು ಮರಳಿ ಹಾಕಲು ಬರೆದೆ. “ದನಿ ಅದ ಬರತೈತ್ರಿ, ವೈನಿ. ಆದ್ರ ಅಣ್ಣ ಕಲಿಸಿದ್ದು ಏನೂ ಇರೂದಿಲ್ಲ. ಹೊಸಾದು” ಎಂದೆ. ಅವರು ಬಂದು ಬೂತಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು.

ಇಳಿಸಿಕೊಳ್ಳುವುದು ಮುಗಿಯಿತು. ನಾನು ಅದನ್ನು ಚಾಲೂ ಮಾಡಲು ಇನ್ನೂ ಕೀಲಿಗೆ ಕೈ ಹಚ್ಚಿರಲಿಲ್ಲ. ಕೆಂಪು ದೀಪ ಮಿಣುಕ್ ಎಂದಿತು, ದನಿ ತಾನಾಗಿ ಎದ್ದಿತು. ಅದೇ ವೇಗ, ಜೋಳ ಸುರಿದ ಅದೇ ಸಪ್ಪಳ.

ಆಗ ನನಗೆ ಎಲ್ಲ ತಿಳಿಯಿತು. ಅವತ್ತು ಅಣ್ಣ ಅರ್ಧಕ್ಕೆ ಬಿಟ್ಟ ಇನ್ನೊಂದು ಮಾತು ಇದೇ. ಪರ್ಜ್ ಮಾಡಿದರೂ ಯಂತ್ರದಲ್ಲಿ ಅವರವರ ಸ್ವಂತ ಫೋಲ್ಡರು ಎಂಬ ಕಪಾಟು ಇರುತ್ತದೆ, ಅದಕ್ಕೆ ಅದು ಕೈ ಹಚ್ಚುವುದಿಲ್ಲ. ಅವರ ವೇಗ, ಅವರ ಪಟ್ಟಿ, ಅವರ ಮೂರು ಸಾಲು, ಎಲ್ಲ ಅಲ್ಲೇ ಇದ್ದವು. ಆ ಮೂರು ಸಾಲು ಐದು ತಿಂಗಳೂ ಹತ್ತು ಸೆಕೆಂಡಿಗೊಮ್ಮೆ ಇಲ್ಲದ ದನಿಯನ್ನು ಎಬ್ಬಿಸಲು ನೋಡಿ, ಸಿಗದೆ, ಮತ್ತೆ ನೋಡುತ್ತಿದ್ದವು. ನಾನು ಅದರ ಮುಂದೆಯೇ ಕುಳಿತು ಚಹಾ ಕುಡಿದಿದ್ದೆ, ಗಿರಾಕಿಗಳ ಜೊತೆ ನಕ್ಕಿದ್ದೆ. ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಯಿತು.

“ಇಷ್ಟ ಗಡಬಡೀಲೆ ಏನ ಹೇಳ್ತಾಳ ಇಕಿ?” ಎಂದರು ವೈನಿ. ನಾನು ವೇಗವನ್ನು ಕೆಳಕ್ಕೆ, ನಾವೂ ನೀವೂ ಮಾತಾಡುವ ವೇಗಕ್ಕೆ, ಇಳಿಸಿದೆ. ಮೊದಲ ಸಲ ಆ ದನಿ ಒಂದು ಹೆಂಗಸಿನ ಮಾತಿನಂತೆ ಕೇಳಿತು. ಅರ್ಜಿ ತೆರೆದೆ. ತಾಲೂಕಿನ ಹೆಸರು ಬರೆದಾಗ “ಸವದತ್ತಿ” ಎಂದು ಈ ಊರಲ್ಲಿ ಹುಟ್ಟಿದವರ ಹಾಗೆ ಹೇಳಿತು. ವೈನಿ ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡು, ಚೀಲದಿಂದ ರೇಷನ್ ಕಾರ್ಡು ಹುಡುಕಲು ಬಗ್ಗಿದರು. ನಾನು ಅರ್ಜಿದಾರರ ಹೆಸರಿನ ಜಾಗಕ್ಕೆ ಬಂದು ವೈನಿಯ ಹೆಸರು ಬರೆದು, ಮುಂದಿನ ಪದಕ್ಕೆ ಜಾಗ ಬಿಟ್ಟೆ. ಜಾಗ ಬಿಟ್ಟಾಗಲೇ ದನಿ ಇಡೀ ಪದವನ್ನು ಹೇಳುವುದು.

ದನಿ ಆ ಹೆಸರನ್ನು ಹೇಳಲಿಲ್ಲ. “ಏ, ಕೇಳಿಲ್ಲೆ” ಎಂದಿತು.

“ಬಂದ್ನಿರೀ” ಎಂದು ವೈನಿ ಚೀಲ ಬಿಟ್ಟು ಎದ್ದು ನಿಂತರು.

ನಿಂತವರು ಹಾಗೇ ನಿಂತಿದ್ದರು. ಸೆರಗಿನ ತುದಿ ಕೈಯಲ್ಲಿತ್ತು, ಕೈ ಒರೆಸಿಕೊಳ್ಳುವ ಹಾಗೆ. ನಾನು ಕೀಲಿಮಣೆಯಿಂದ ಬೆರಳು ತೆಗೆದೆ. ಪ್ರತಿ ಅರ್ಜಿಯಲ್ಲೂ, ಪ್ರತಿ ಕಾರ್ಡಿನಲ್ಲೂ ಆ ಹೆಸರು ಬಂದಾಗ ತಾವು ಬಾಯಿಬಿಟ್ಟು ಹೇಳದ್ದನ್ನು ಯಂತ್ರವೂ ಹೇಳಬಾರದು ಎಂದು ಅಣ್ಣ ಯಾವಾಗಲೋ ಕುಳಿತು ಕಲಿಸಿದ್ದರು. ನಾನು ಅಳುತ್ತಿದ್ದೆ. ವೈನಿ ಅಳಲಿಲ್ಲ. ನಿಧಾನಕ್ಕೆ ಕುಳಿತರು, ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡರು.

“ಈ ಅರ್ಜ್ಯಾಗ ನನ್ನ ಹೆಸರ ಇನ್ನ ಎಷ್ಟ ಕಡೆ ಬರೀಬೇಕು?”

“ಇನ್ನ ಎರಡ ಕಡೆ ಅದಾವ್ರಿ, ವೈನಿ.”

“ಗಡಬಡ ಮಾಡಬ್ಯಾಡ, ತಂಗೀ” ಎಂದರು.